ಮನೆಗೆ ನೆರೆ ವಿಮೆ ಬೇಕಾ? ಹೀಗೆ ಯೋಚಿಸಿ

ತುಂಗೆಯ ಮಂಟಪ ಮುಳುಗಿತು ಅಂದರೆ ಶಿವಮೊಗ್ಗದಲ್ಲಿ ಎಲ್ಲರೂ ಹೊಳೆ ನೋಡೋಕೆ ಓಡ್ತೀವಿ, ಆದರೆ ನಮ್ಮ ಮನೆಗೆ ನೀರು ಬಂದರೆ ಏನು ಗತಿ ಅಂತ ಲೆಕ್ಕ ಹಾಕೋದು ಕಡಿಮೆ. ಮೊದಲು ಅಕ್ಕಪಕ್ಕದ ಹಿರಿಯರನ್ನು ಕೇಳಿ: 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಹೊಳೆ ದೂರ ಇದ್ದರೂ ರಾಜಕಾಲುವೆ, ಕೆರೆಕೋಡಿ, ತಗ್ಗಿನ ರಸ್ತೆ ನೋಡಿ. ತೀರ್ಥಹಳ್ಳಿ, ಹೊಸನಗರದ ಕಡೆ ಮನೆ ಹಿಂದೆ ಧರೆ (ಕಡಿದಾದ ಮಣ್ಣಿನ ದಿಬ್ಬ) ಇದ್ದರೆ ಅದು ಕುಸಿಯೋದೇ ದೊಡ್ಡ ಭಯ, ಅಲ್ವಾ?

ನೆರೆಗೆ ಅಂತಲೇ ಬೇರೆ ಪಾಲಿಸಿ ಹುಡುಕಬೇಕಿಲ್ಲ. 2021ರ ಏಪ್ರಿಲ್‌ನಿಂದ ಇರುವ ‘ಭಾರತ್ ಗೃಹ ರಕ್ಷಾ’ ಅನ್ನೋ ಮನೆ ವಿಮೆ ಪಾಲಿಸಿಯಲ್ಲಿ ಬೆಂಕಿಯ ಜೊತೆ ನೆರೆ, ಭೂಕುಸಿತವೂ ಸೇರಿದೆ. ವಿಮೆ ಮೊತ್ತಕ್ಕೆ ಜಾಗದ ಬೆಲೆ ಸೇರಿಸಬೇಡಿ, ಮನೆ ಮತ್ತೆ ಕಟ್ಟಲು ಎಷ್ಟಾಗುತ್ತೆ ಅನ್ನೋದಷ್ಟೇ ಲೆಕ್ಕ. ಸಾಮಾನುಗಳಿಗೆ ಆ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ತಾನಾಗೇ ಸಿಗುತ್ತೆ. ಚಿನ್ನಕ್ಕೆ ಬೇರೆ ಕವರ್ ಬೇಕು. ಬಾಡಿಗೆಯವರು ಸಾಮಾನಿಗೆ ಮಾತ್ರ ಮಾಡಿಸಬಹುದು.

ಬ್ಯಾಂಕ್ ಸಾಲ ಇದ್ದರೆ ಮೊದಲೇ ವಿಮೆ ಇರಬಹುದು, ಸುಮ್ನೆ ಎರಡು ಸಲ ಕಟ್ಟಬೇಡಿ.

ನನ್ನ ಮಾತು ಕೇಳಿದರೆ, ತಗ್ಗಿನಲ್ಲಿ ಅಥವಾ ಧರೆ ಪಕ್ಕ ಇರುವವರು ಮಾಡಿಸಲೇಬೇಕು. ಮುಂಗಾರಿಗೆ ಮೊದಲೇ ಮಾಡಿಸಿ, ಗೋಡೆ, ಫ್ರಿಜ್, ಬೀರು ಎಲ್ಲದರ ಫೋಟೋ ತೆಗೆದು ಮೊಬೈಲ್‌ನಿಂದ ಊರಾಚೆ ಇರುವ ನೆಂಟರಿಗೂ ಕಳಿಸಿಡಿ.