ಮೂರು ಹಳೇ ಕೇಬಲ್, ಒಂದೇ ಕಾಪಿ: ಬಾಂಡಿಂಗ್‌ನಲ್ಲಿ ನನ್ನ ಅನುಭವ

ನೆಟ್‌ವರ್ಕ್ ಕಾರ್ಡ್‌ಗಳನ್ನು ಬಾಂಡ್ ಮಾಡಿದರೆ, ಅಂದರೆ ಹಲವು ಕೇಬಲ್ ಸೇರಿಸಿ ಒಂದೇ ಲೈನ್‌ನಂತೆ ಬಳಸಿದರೆ, ಒಂದೇ ಕಾಪಿಯ ಸ್ಪೀಡ್ ಹೆಚ್ಚುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಮೈಸೂರಿನ ಗೆಳೆಯ, ನೆಟ್‌ವರ್ಕ್ ಸ್ವಿಚ್ ಮಾರಿದವರು, ನಮ್ಮ ಸ್ಟುಡಿಯೋ ಹುಡುಗರು, ಎಲ್ಲರದ್ದೂ ಅದೇ ಮಾತು. ಈಗ ನನ್ನ ಎಡಿಟಿಂಗ್ ಮಷೀನಿಗೆ ಒಂದೇ ಕಾಪಿ ಸೆಕೆಂಡಿಗೆ 280 ಎಂಬಿ ಹತ್ತಿರ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಗೋಣಿಕೊಪ್ಪದಲ್ಲಿ ಮದುವೆ ವಿಡಿಯೋ ಕೆಲಸ. ಊರುಕೂಡುವುದರಿಂದ ಹಿಡಿದು ಗಂಗಾಪೂಜೆವರೆಗೆ ಮೂರು ಕ್ಯಾಮೆರಾ, 4ಕೆ. ಒಂದು ಮದುವೆಗೆ ಅರ್ಧ ಟಿಬಿ ಸಲೀಸಾಗಿ ತುಂಬುತ್ತದೆ. ಸ್ಟೋರೇಜ್ ಕೆಳಗೆ, ಎಡಿಟಿಂಗ್ ಮಹಡಿ ಮೇಲೆ, ಎರಡರಲ್ಲೂ ಲಿನಕ್ಸ್. ಒಂದು ಗಿಗಾಬಿಟ್ ಕೇಬಲ್‌ನಲ್ಲಿ 110 ಎಂಬಿ ಬರುತ್ತಿತ್ತು. ಅಂದರೆ ಒಂದೂಕಾಲು ಗಂಟೆ ಸುಮ್ನೆ ಕೂರಬೇಕು. ಡಿಸ್ಕ್‌ಗಳು 350 ಕೊಡುತ್ತವೆ, ಕೇಬಲ್ ಬಿಡುತ್ತಿರಲಿಲ್ಲ.

ಮೊದಲು ಎಲ್ಲರಂತೆ ಎಲ್‌ಎಸಿಪಿ, ಅಂದರೆ ಸ್ವಿಚ್ ಜೊತೆ ಮಾತಾಡಿಕೊಂಡು ಲೈನ್‌ಗಳನ್ನು ಸೇರಿಸುವ ವಿಧಾನ. ಮ್ಯಾನೇಜ್ಡ್ ಸ್ವಿಚ್‌ಗೆ ಒಂಬತ್ತು ಸಾವಿರ ಹೋಯಿತು. ಯಾವ ಪ್ಯಾಕೆಟ್ ಯಾವ ಕಾರ್ಡಿಗೆ ಎಂದು ನಿರ್ಧರಿಸುವ ಹ್ಯಾಶ್ ಪಾಲಿಸಿಯನ್ನು ಲೇಯರ್ 3+4 (ಐಪಿ ವಿಳಾಸ, ಪೋರ್ಟ್ ಸಂಖ್ಯೆ ನೋಡಿ) ಇಟ್ಟೆ. ಎರಡು ಮಷೀನ್ ಒಟ್ಟಿಗೆ ಎಳೆದರೆ ಮೊತ್ತ ಡಬಲ್, ಒಂದೇ ಕಾಪಿ ಹಾಕಿದರೆ ಅದೇ 110. ಒಂದು ಫ್ಲೋ, ಅಂದರೆ ಒಂದು ಕನೆಕ್ಷನ್ನಿನ ಡೇಟಾ, ಒಂದೇ ಕಾರ್ಡಿನಲ್ಲಿ ಹೋಗುತ್ತದೆ, ಅದು ಅದರ ನಿಯಮ. ಅದೇ ಸ್ವಿಚ್ ಮೇಲೆ ಮೋಡ್ 0, ಅಂದರೆ ಪ್ಯಾಕೆಟ್‌ಗಳನ್ನು ಸರದಿಯಂತೆ ಒಂದೊಂದು ಕಾರ್ಡಿಗೆ ಹಂಚುವ ಬ್ಯಾಲೆನ್ಸ್-ಆರ್‌ಆರ್ ಹಾಕಿ ನೋಡಿದೆ. ಕಳಿಸುವ ಕಡೆ ಮೂರೂ ಕಾರ್ಡ್‌ನಿಂದ ಪ್ಯಾಕೆಟ್ ಹೊರಡುತ್ತವೆ, ಸ್ವಿಚ್ ಮಾತ್ರ ಎಲ್ಲವನ್ನೂ ಒಂದೇ ಪೋರ್ಟಿಗೆ ತಳ್ಳುತ್ತದೆ. ಸಾಲದ್ದಕ್ಕೆ ಮೇ ತಿಂಗಳ ಸಿಡಿಲಿಗೆ ಅದರ ಎರಡು ಪೋರ್ಟ್ ಹೋದವು.

ಆಗ ನಡುವಿನ ಸ್ವಿಚ್ಚನ್ನೇ ತೆಗೆದೆ. ಗೋಡೆಯೊಳಗೆ ಹಿಂದೆ ಎಳೆಸಿದ್ದ ಮೂರು ಕ್ಯಾಟ್ 5ಇ ಲೈನ್ ಇದ್ದವು. ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಸೆಕೆಂಡ್ ಹ್ಯಾಂಡ್ ಇಂಟೆಲ್ ನಾಲ್ಕು ಪೋರ್ಟ್ ಕಾರ್ಡ್ ಎರಡು ತಂದೆ, ಒಂದಕ್ಕೆ ಮೂರು ಸಾವಿರದ ಆಸುಪಾಸು. ಕಾರ್ಡಿನಿಂದ ಕಾರ್ಡಿಗೆ ನೇರ ಕೇಬಲ್, ಎರಡೂ ತುದಿಯಲ್ಲಿ ಮೋಡ್ 0, ಉಳಿದ ನೆಟ್‌ವರ್ಕ್‌ಗಿಂತ ಬೇರೆ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು), ಎಂಐಐಮಾನ್ (ಲಿಂಕ್ ಇದೆಯೇ ಎಂದು ನೋಡುವ ಅಂತರ, ಮಿಲಿಸೆಕೆಂಡ್‌ನಲ್ಲಿ) 100, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ನಲ್ಲಿ) 9000. ಎರಡು ಕೇಬಲ್‌ಗೆ 190 ಬಂತು. ಮೂರನೆಯದು ಹಾಕಿದರೆ ಏರುವ ಬದಲು ತೂಗಾಡಿತು. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3ರಲ್ಲಿ ರೀಟ್ರಾನ್ಸ್‌ಮಿಟ್ (ಮತ್ತೆ ಕಳಿಸಿದ ಪ್ಯಾಕೆಟ್) ಸಾವಿರಗಟ್ಟಲೆ. ಪ್ಯಾಕೆಟ್‌ಗಳು ಹಿಂದುಮುಂದಾಗಿ ಬರುತ್ತವಲ್ಲ, ಟಿಸಿಪಿ ಅದನ್ನು ನಷ್ಟ ಎಂದೇ ತಿಳಿಯುತ್ತದೆ. ಎಷ್ಟು ಹಿಂದುಮುಂದಾದರೆ ನಷ್ಟ ಎನ್ನಬೇಕು ಎನ್ನುವ ಲಿನಕ್ಸ್ ಸೆಟ್ಟಿಂಗ್ ಟಿಸಿಪಿ ರೀಆರ್ಡರಿಂಗ್, ಡಿಫಾಲ್ಟ್ 3, ಅದನ್ನು ಏರಿಸಬೇಕು. ನಾನು ಎಷ್ಟಕ್ಕೆ ನಿಲ್ಲಿಸಿದೆ, ಕಾರ್ಡ್‌ನ ಇಂಟರಪ್ಟ್‌ಗಳನ್ನು (ಪ್ಯಾಕೆಟ್ ಬಂತೆಂದು ಸಿಪಿಯುಗೆ ಕೊಡುವ ಸೂಚನೆ) ಯಾವ ಕೋರ್‌ಗೆ ಕಟ್ಟಿದೆ ಎನ್ನುವುದು ನನ್ನ ಹತ್ತಿರವೇ ಇರಲಿ. ನಿಮ್ಮ ಮಷೀನಿಗೆ ನೀವೇ ಹುಡುಕಬೇಕು.

ಮಳೆಗಾಲದಲ್ಲಿ ಇನ್ನೊಂದು ಕಾಟ. ಜುಲೈನಲ್ಲಿ ಒಂದು ಬೆಳಿಗ್ಗೆ ಕಾಪಿ 35 ಎಂಬಿಗೆ ಇಳಿಯಿತು. ಲಿನಕ್ಸ್ ತನ್ನ ಸ್ಥಿತಿ ತೋರಿಸುವ ಪ್ರಾಕ್ ಫೋಲ್ಡರ್‌ನಲ್ಲಿ ಬಾಂಡ್‌ನ ಫೈಲ್ ತೆಗೆದು ನೋಡಿದರೆ ಎರಡು ಪೋರ್ಟ್ 1000 ಮೆಗಾಬಿಟ್, ಮೂರನೆಯದು 100. ಕೆಳಗಿನ ರೂಮಿನ ಜ್ಯಾಕ್ ಕಿತ್ತರೆ ಪಿನ್‌ಗಳ ಮೇಲೆ ಹಸಿರು ಪಾಚಿಯಂತೆ ಕಿಲುಬು. ಎಲ್ಲರಿಗೂ ಸಮಪಾಲು ಹಂಚುವ ಮೋಡ್ ಇದು, ಒಬ್ಬ ಕುಂಟಿದರೆ ಎಲ್ಲರೂ ಕುಂಟಬೇಕು. ಜ್ಯಾಕ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದೆ, ಹದಿನೈದು ರೂಪಾಯಿ ಕೆಲಸ. ಈಗ ಜೂನ್‌ಗೆ ಮುಂಚೆಯೇ ಆರೂ ತುದಿ ಬದಲಾಯಿಸುತ್ತೇನೆ. ಗುಡುಗು ಶುರುವಾದರೆ ಮೂರೂ ಕೇಬಲ್ ಕಿತ್ತಿಡುತ್ತೇವೆ.

10 ಗಿಗಾಬಿಟ್ ಹಾಕಬಹುದಿತ್ತಲ್ವಾ ಎಂದು ಕೇಳುತ್ತೀರಿ. ಹಾಕಬಹುದು, ಆದರೆ ಗೋಡೆ ಒಡೆದು ಫೈಬರ್ ಅಥವಾ ಕ್ಯಾಟ್ 6ಎ ಕೇಬಲ್ ಎಳೆಸಬೇಕಿತ್ತು. ಇವತ್ತು ಹೊಸದಾಗಿ ಶುರು ಮಾಡುವವರು 2.5 ಗಿಗಾಬಿಟ್ ಕಾರ್ಡ್ ನೋಡಿ, ಕ್ಯಾಟ್ 5ಇಯಲ್ಲೇ ಓಡುತ್ತದೆ. ಅಂಥವನ್ನೇ ಎರಡು ಜೋಡಿ ತಂದು ಇದೇ ರೀತಿ ಬಾಂಡ್ ಮಾಡುವ ಯೋಚನೆ ಇದೆ.

ಇದೇ ಹುಮ್ಮಸ್ಸಿನಲ್ಲಿ ಫೈಬರ್ ಇಂಟರ್ನೆಟ್ಟನ್ನೂ 4ಜಿ ಡಾಂಗಲನ್ನೂ ಸೇರಿಸಲು ಹೋದೆ. ಅದು ಬಾಂಡಿಂಗ್‌ನ ಕೆಲಸವಲ್ಲ. ಡಿಫಾಲ್ಟ್ ರೂಟ್‌ಗೆ (ಹೊರಗೆ ಹೋಗುವ ದಾರಿಗೆ) ಎರಡು ನೆಕ್ಸ್ಟ್‌ಹಾಪ್, ಅಂದರೆ ಎರಡು ಗೇಟ್‌ವೇ, ಕೊಟ್ಟು ಯಾವುದಕ್ಕೆ ಎಷ್ಟು ಪಾಲು ಎಂದು ವೆಯ್ಟ್ ಹಂಚಿದೆ. ಒಂದು ಅಪ್‌ಲೋಡ್ ವೇಗ ಹೆಚ್ಚಲಿಲ್ಲ, ನಾಲ್ಕೈದು ಒಟ್ಟಿಗೆ ಹಾಕಿದರೆ ಎರಡೂ ಲೈನ್ ದುಡಿಯುತ್ತವೆ. ಮರ ಬಿದ್ದು ಫೈಬರ್ ತುಂಡಾದ ದಿನ ತಾನಾಗಿ 4ಜಿಗೆ ಹೊರಳಲು ಒಂದು ಚಿಕ್ಕ ಸ್ಕ್ರಿಪ್ಟ್ ಬರೆದಿದ್ದೇನೆ, ಸದ್ಯ ಅದನ್ನೇ ತಿದ್ದುತ್ತಿದ್ದೇನೆ.