ಹಲಗೆಯ ಸಂದಿಗೆ ಇಳಿದ ವಾಸನೆ

ಈಚೆಗೆ ತಮ್ಮನ ಮಗಳ ಮನೆಗೆ ಹೋಗಿದ್ದೆ. ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದದ್ದು ಬಾಟಲಿಯ ನಿಂಬೆ ಪರಿಮಳ. ಎರಡು ಹೆಜ್ಜೆ ಒಳಗಿಟ್ಟರೆ ಅದರ ಅಡಿಯಿಂದಲೇ ಬೆಕ್ಕಿನ ಉಚ್ಚೆಯ ಘಾಟು ಎದ್ದು ಬಂತು. ‘ಅತ್ತೆ, ದಿನಕ್ಕೆ ಎರಡು ಸಲ ಒರೆಸುತ್ತಿದ್ದೇನೆ, ಆದರೂ ಹೋಗುತ್ತಿಲ್ಲ’ ಎಂದು ಅಳುವ ಮುಖ ಮಾಡಿದಳು. ದಿನಕ್ಕೆ ಎರಡು ಸಲ ಹೀಗೆ ಒರೆಸುವುದರಿಂದಲೇ ಹೋಗುತ್ತಿಲ್ಲ ಎಂದೆ. ಬಕೆಟ್ ತುಂಬ ನೀರು, ಅದರಲ್ಲಿ ನೊರೆ ಉಕ್ಕುವಷ್ಟು ಸೋಪು, ಹಿಂಡದೆ ತೊಟ್ಟಿಕ್ಕುವ ಮಾಪು. ಮರದ ನೆಲವನ್ನು ಹೀಗೆ ತೊಳೆದರೆ ಮೇಲಿದ್ದ ಮೂತ್ರವನ್ನು ತೆಳ್ಳಗೆ ಮಾಡಿ ಹಲಗೆಯ ಸಂದಿಗೆ ಕುಡಿಸಿದಂತಾಗುತ್ತದೆ. ಇದೇ ತಪ್ಪನ್ನು ಅದೆಷ್ಟೋ ಮನೆಗಳಲ್ಲಿ ನೋಡಿ, ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಬರೆಯಲು ಕುಳಿತೆ.

ಕಲ್ಲಿನ ನೆಲ, ಟೈಲ್ಸ್ ನೆಲದ ಲೆಕ್ಕವೇ ಬೇರೆ. ಅಲ್ಲಿ ಬಿದ್ದದ್ದು ಮೇಲೆಯೇ ನಿಲ್ಲುತ್ತದೆ. ಮರ ಕುಡಿಯುತ್ತದೆ. ಪಾಲಿಶ್ ಗಟ್ಟಿಯಾಗಿದ್ದರೆ ಸ್ವಲ್ಪ ಹೊತ್ತು ತಡೆದೀತು, ಆದರೆ ಎರಡು ಹಲಗೆ ಸೇರುವ ಜಾಗದಲ್ಲಿ, ಪಾಲಿಶ್ ಸವೆದ ಕಡೆ, ಗೋಡೆಯಂಚಿನ ಪಟ್ಟಿಯ ಬುಡದಲ್ಲಿ ಮೂತ್ರ ನೆಟ್ಟಗೆ ಒಳಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂಗು ಉರಿಸುವ ಘಾಟು ಅದರದ್ದೇ. ಅದಕ್ಕಿಂತ ಹಠಮಾರಿ ಎಂದರೆ ಯೂರಿಕ್ ಆಮ್ಲದ ಹರಳುಗಳು. ಇವು ನೀರಿಗೆ ಸುಲಭಕ್ಕೆ ಕರಗುವುದಿಲ್ಲ, ಸೋಪಿಗೂ ಜಗ್ಗುವುದಿಲ್ಲ. ಒಣಗಿದ್ದಾಗ ಸುಮ್ಮನಿರುತ್ತವೆ, ಗಾಳಿಯಲ್ಲಿ ತೇವ ಏರಿದ ದಿನ ಮತ್ತೆ ನಾರುತ್ತವೆ. ‘ಹೋಗಿತ್ತು, ತಿರುಗಿ ಬಂತು’ ಎಂದು ಜನ ಹೇಳುವುದು ಇದನ್ನೇ. ನಿಜವಾಗಿ ಅದು ಹೋಗಿರಲೇ ಇಲ್ಲ. ಬೆಕ್ಕಿನ ಮೂತ್ರದಲ್ಲಿ ಗಂಧಕ ಬೆರೆತ ಪದಾರ್ಥವೂ ಇರುವುದರಿಂದ, ಅದರಲ್ಲೂ ಬೀಜ ತೆಗೆಸದ ಗಂಡುಬೆಕ್ಕಾದರೆ, ವಾಸನೆ ಇನ್ನಷ್ಟು ಘಾಟಾಗಿರುತ್ತದೆ.

ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಮಾಡುವುದು ಅದನ್ನೇ. ಬ್ಲೀಚ್ ಸುರಿಯಬೇಡಿ. ಮೂತ್ರದ ಅಮೋನಿಯಾಕ್ಕೆ ಬ್ಲೀಚ್ ಸೇರಿದರೆ ಕ್ಲೋರಮಿನ್ ಎಂಬ ವಿಷಗಾಳಿ ಏಳುತ್ತದೆ, ಕಣ್ಣು ಉರಿದು ಎದೆ ಹಿಡಿಯುತ್ತದೆ. ಬ್ಲೀಚಿಗೆ ವಿನೆಗರ್ ಬೆರೆಸಿದರಂತೂ ಕ್ಲೋರಿನ್ ಗಾಳಿಯೇ ಬರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ, ತೆವಳುವ ಮಗು ಇರುವ ಮನೆಯಲ್ಲಿ, ‘ಎರಡೂ ಸೇರಿದರೆ ಇನ್ನೂ ಚೆನ್ನಾಗಿ ಹೋಗಬಹುದು’ ಎಂದು ಬೆರೆಸುವವರನ್ನು ನಾನೇ ಕೈಹಿಡಿದು ತಡೆದಿದ್ದೇನೆ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ. ಆ ವಾಸನೆಗೆ ಬೆಕ್ಕು ‘ಇದು ನನ್ನ ಜಾಗ’ ಎಂದು ಅಲ್ಲಿಗೇ ಮರಳುತ್ತದೆ. ಬಿಸಿ ಹಬೆಯ ಯಂತ್ರ ಇನ್ನೂ ಕೆಟ್ಟದ್ದು. ಬಿಸಿಯೂ ತೇವವೂ ಒಟ್ಟಿಗೆ ನುಗ್ಗಿ ವಾಸನೆಯನ್ನು ಒಳಗೆ ಕೂರಿಸುತ್ತವೆ, ಹಲಗೆಯೂ ಉಬ್ಬುತ್ತದೆ. ಪರಿಮಳದ ಸ್ಪ್ರೇಯ ಬಗ್ಗೆ ಹೇಳುವುದೇ ಬೇಡ, ಕೊಳೆಯ ಮೇಲೆ ಹೂವಿನ ಹಾಸಿಗೆ ಹಾಸಿದರೆ ಕೊಳೆ ಹೋಗುತ್ತದೆಯೇ?

ಹಸಿಯಿರುವಾಗಲೇ ಕಂಡರೆ ಕೆಲಸ ಅರ್ಧ ಮುಗಿದಂತೆ. ಒಣಬಟ್ಟೆ ಹಾಕಿ ಅಂಗೈಯಿಂದ ಒತ್ತಿ ಹೀರಿಸಿ. ಉಜ್ಜಬೇಡಿ. ಉಜ್ಜಿದರೆ ಒಂದು ಅಂಗೈ ಅಗಲದ ಕಲೆ ಎರಡು ಮೊಳವಾಗುತ್ತದೆ. ಬಟ್ಟೆ ಒಣಗಿಯೇ ಮೇಲೆ ಬರುವವರೆಗೆ ಬದಲಾಯಿಸುತ್ತಾ ಒತ್ತಿ, ಆಮೇಲೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒಂದು ಸಲ, ಮತ್ತೆ ಒಣಬಟ್ಟೆಯಿಂದ ಒಂದು ಸಲ. ಸಾಕು.

ಹಾಂ, ಬಟ್ಟೆಯ ಮಾತು ಬಂತು. ಒಗೆದ ಬಟ್ಟೆ ಮೆತ್ತಗಾಗಲಿ, ಘಮ್ಮೆನ್ನಲಿ ಎಂದು ಕೊನೆಯ ನೀರಿಗೆ ಹಾಕುವ ಕಂಡಿಷನರ್ ಇದೆಯಲ್ಲ, ಅದನ್ನು ಟವೆಲುಗಳಿಗೂ ಒರೆಸುವ ಬಟ್ಟೆಗಳಿಗೂ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಅದು ನೂಲಿನ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ, ಬಟ್ಟೆ ನೀರು ಹೀರುವುದನ್ನೇ ಮರೆಯುತ್ತದೆ. ನಮ್ಮ ಸೊಸೆಯ ಮನೆಯಲ್ಲಿ ಸ್ನಾನ ಮಾಡಿ ಟವೆಲಿನಲ್ಲಿ ಮೈ ಒರೆಸಿಕೊಂಡರೆ ನೀರು ಮೈಮೇಲೆ ಅತ್ತಿತ್ತ ಸರಿಯುತ್ತದೆಯೇ ವಿನಾ ಒಣಗುವುದಿಲ್ಲ. ಈ ಕೆಲಸಕ್ಕೆ ಬೇಕಾದದ್ದು ನೂರು ಸಲ ಒಗೆದು ಸವೆದ, ಯಾವ ಪರಿಮಳವೂ ಇಲ್ಲದ ಹಳೆಯ ಹತ್ತಿ ಬಟ್ಟೆ.

ಹಳೆಯ ವಾಸನೆಯಾದರೆ ಮೊದಲು ಜಾಗ ಹುಡುಕಬೇಕು. ನಿಂತು ಮೂಸಿದರೆ ಇಡೀ ಕೋಣೆಯೇ ನಾರಿದಂತೆ ಅನ್ನಿಸುತ್ತದೆ. ಮಂಡಿಯೂರಿ, ಮೂಗನ್ನು ಹಲಗೆಯಿಂದ ನಾಲ್ಕು ಬೆರಳು ಎತ್ತರಕ್ಕೆ ತಂದು, ಸಂದಿನಗುಂಟ ಸಾಗಬೇಕು. ನಡುನಡುವೆ ಹೊರಗೆ ಹೋಗಿ ಗಾಳಿ ಕುಡಿದು ಬರಬೇಕು, ಇಲ್ಲದಿದ್ದರೆ ಮೂಗು ಒಗ್ಗಿಹೋಗಿ ಸುಳ್ಳು ಹೇಳುತ್ತದೆ. ಮಂಡಿನೋವಿನವರಿಗೆ ಅಲ್ಟ್ರಾವಯೊಲೆಟ್ ಟಾರ್ಚ್ ಸಿಗುತ್ತದೆ. ರಾತ್ರಿ ದೀಪ ಆರಿಸಿ ಬೆಳಕು ಬಿಟ್ಟರೆ ಹಳೆಯ ಮೂತ್ರ ಮಂಕಾದ ಹಳದಿಯಾಗಿ ಹೊಳೆಯುತ್ತದೆ. ಸೋಪಿನ ಉಳಿಕೆಯೂ ಕೆಲವು ವಾರ್ನಿಷ್‌ಗಳೂ ಹೊಳೆಯುತ್ತವೆ, ಹಾಗಾಗಿ ಟಾರ್ಚ್ ತೋರಿಸಿದ್ದನ್ನು ಮೂಗು ಒಪ್ಪಲೇಬೇಕು. ಸಿಕ್ಕಿದ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗೆರೆಯನ್ನು ಕಲೆಗಿಂತ ಒಂದು ಗೇಣು ಹೊರಗೇ ಎಳೆಯಿರಿ, ಹಲಗೆಯ ಅಡಿಯಲ್ಲಿ ಅದು ನಮಗೆ ಕಾಣುವುದಕ್ಕಿಂತ ಹೆಚ್ಚು ಹರಡಿರುತ್ತದೆ.

ಈಗ ನಾನು ಕಣ್ಣುಮುಚ್ಚಿ ನಂಬುವ ಉಪಾಯ. ಇದನ್ನು ಕಲಿತದ್ದು ನಮ್ಮ ಅತ್ತೆಯವರ ಕೋಣೆಯಲ್ಲಿ. ಕೊನೆಯ ಎರಡು ವರ್ಷ ಅವರು ಹಾಸಿಗೆ ಹಿಡಿದಿದ್ದರು. ರಾತ್ರಿ ಎದ್ದು ಹೋಗಲಾಗದೆ ಮಂಚದ ಪಕ್ಕದಲ್ಲೇ ಆಗಿಬಿಡುತ್ತಿತ್ತು. ಬೆಳಿಗ್ಗೆ ನಾನು ಒಳಗೆ ಹೋದರೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗಿರುತ್ತಿದ್ದರು. ಮನೆಯನ್ನೆಲ್ಲ ಆಳಿದ ಹೆಂಗಸು. ಅವರ ಮುಂದೆ ನಾನು ಒಂದು ದಿನವೂ ಮೂಗು ಮುಚ್ಚಲಿಲ್ಲ, ನೀವೂ ಮುಚ್ಚಬೇಡಿ. ಮಗುವಾಗಲಿ ಮುದುಕರಾಗಲಿ, ನಮ್ಮ ಮುಖ ನೋಡಿ ಕುಗ್ಗುತ್ತಾರೆ. ಆಗ ನಾನೂ ಎಲ್ಲರಂತೆ ಒರೆಸಿ ಒರೆಸಿ ಸೋತಿದ್ದೆ. ಕಡೆಗೆ ಕಿಣ್ವದ ದ್ರಾವಣ, ಅಂದರೆ ಮೂತ್ರದ ಕೊಳೆಯನ್ನು ಒಡೆಯುವ ಎನ್‌ಜೈಮ್ ಕ್ಲೀನರ್, ತಂದು ಚಿಮುಕಿಸಿದೆ. ಕಾಲು ಗಂಟೆಯಲ್ಲಿ ಒಣಗಿತು, ವಾಸನೆ ಹಾಗೇ ಇತ್ತು. ದುಡ್ಡು ದಂಡ ಎಂದುಕೊಂಡೆ. ಮರುದಿನ ನೋಡಿದರೆ, ದ್ರಾವಣದಲ್ಲಿ ನೆನೆದ ಬಟ್ಟೆಯೊಂದು ಔಷಧಿಯ ತಟ್ಟೆಯ ಕೆಳಗೆ ಸಿಕ್ಕಿ ರಾತ್ರಿಯೆಲ್ಲ ಅಲ್ಲೇ ಉಳಿದಿತ್ತು. ಆ ತಟ್ಟೆಯಷ್ಟು ಜಾಗದಲ್ಲಿ ಮಾತ್ರ ವಾಸನೆ ಇರಲಿಲ್ಲ. ನಾಲ್ಕು ಸಲ ಬಗ್ಗಿ ಮೂಸಿದೆ. ಅಲ್ಲಿಗೆ ವಿಷಯ ತಿಳಿಯಿತು. ಕಿಣ್ವ ತೇವ ಇರುವಷ್ಟು ಹೊತ್ತು ಮಾತ್ರ ದುಡಿಯುತ್ತದೆ. ಒಣಗಿದರೆ ಅದರ ಕೆಲಸ ಅಲ್ಲಿಗೇ ನಿಂತಿತು.

ಹಾಗಾಗಿ ಹೀಗೆ ಮಾಡಿ. ಹಿಂದೆ ಹಾಕಿದ್ದ ಸೋಪು, ಫಿನಾಯಿಲ್, ಸ್ಪ್ರೇ ಎಲ್ಲವೂ ಕಿಣ್ವವನ್ನು ಕೆಡಿಸುತ್ತವೆ, ಆದ್ದರಿಂದ ಬರಿಯ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಗೆರೆಯೊಳಗಿನ ಜಾಗವನ್ನು ಎರಡು ಮೂರು ಸಲ ಒರೆಸಿ ಒಣಗಲು ಬಿಡಿ. ದ್ರಾವಣವನ್ನು ಮೊದಲು ಕಪಾಟಿನ ಅಡಿಯಂಥ ಮರೆಯ ಜಾಗದಲ್ಲಿ ಹಚ್ಚಿ ನೋಡಿ, ಪಾಲಿಶ್ ಮಂಕಾಗದಿದ್ದರೆ ಮುಂದುವರಿಯಿರಿ. ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ದ್ರಾವಣದಲ್ಲಿ ಅದ್ದಿ, ಹದವಾಗಿ ಹಿಂಡಿ. ಹದ ಹೇಗೆ ತಿಳಿಯುತ್ತದೆ ಎಂದರೆ, ಎತ್ತಿ ಹಿಡಿದರೆ ಹನಿ ಬೀಳಬಾರದು, ಅಂಗೈಗೆ ಒತ್ತಿದರೆ ಅಂಗೈ ಒದ್ದೆಯಾಗಬೇಕು. ಹನಿ ಬಿದ್ದರೆ ಹಲಗೆ ಉಬ್ಬುತ್ತದೆ, ಅಂಗೈ ಒಣಗಿದ್ದರೆ ಕಿಣ್ವಕ್ಕೆ ಕೆಲಸವಿಲ್ಲ. ಬಟ್ಟೆಯನ್ನು ಹಾಸಿ, ಬೆರಳ ತುದಿಯಿಂದ ಒಂದೊಂದು ಸಂದಿನಗುಂಟ ಒತ್ತುತ್ತಾ ಹೋಗಿ. ಬಟ್ಟೆಗೂ ಮರಕ್ಕೂ ನಡುವೆ ಗಾಳಿಯ ಗುಳ್ಳೆ ಉಳಿಯಬಾರದು. ಗುಳ್ಳೆ ಉಳಿದ ಕಡೆ ವಾಸನೆಯೂ ಉಳಿಯುತ್ತದೆ, ಬೇಕಾದರೆ ಪರೀಕ್ಷಿಸಿ. ಸಂದು ಅಗಲವಾಗಿದ್ದರೆ ನೂಲಿನ ಬತ್ತಿ ಹೊಸೆದು, ದ್ರಾವಣದಲ್ಲಿ ನೆನೆಸಿ, ಚಮಚದ ಹಿಡಿಕೆಯಿಂದ ಮೆಲ್ಲಗೆ ಸಂದಿಗೆ ತೂರಿಸಿ ಅದರ ಮೇಲೆ ಬಟ್ಟೆ ಹಾಸಿ. ಇದು ಅತಿಯಾಯಿತು ಎಂದು ನಮ್ಮ ಮಗ ಹೇಳುತ್ತಾನೆ. ಆದರೆ ವಾಸನೆ ಕುಳಿತಿರುವುದು ಸಂದಿನಲ್ಲಿ. ಹಲಗೆಯ ಬೆನ್ನು ಸವರಿ ಪ್ರಯೋಜನವೇನು?

ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಹಾಳೆ ಬಟ್ಟೆಗಿಂತ ಸುತ್ತಲೂ ಒಂದು ಗೇಣು ದೊಡ್ಡದಿರಲಿ. ಅಂಚುಗಳ ಮೇಲೆ ದಪ್ಪ ಪುಸ್ತಕಗಳನ್ನೋ ನೀರು ತುಂಬಿದ ಬಾಟಲಿಗಳನ್ನೋ ಇಡಿ. ಅಂಟುಪಟ್ಟಿ ಹಚ್ಚಬೇಡಿ, ಕೀಳುವಾಗ ಪಾಲಿಶ್ ಅದರ ಜೊತೆಗೇ ಬರುತ್ತದೆ. ರಾತ್ರಿ ಮಲಗುವ ಮುಂಚೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ನಡುವೆ ಒಮ್ಮೆ ಎದ್ದರೆ ಒಂದು ಮೂಲೆ ಎತ್ತಿ ಮುಟ್ಟಿ ನೋಡಿ, ಒಣಗಿದ್ದರೆ ಸ್ವಲ್ಪ ದ್ರಾವಣ ಚಿಮುಕಿಸಿ. ಚಳಿ ಕೊರೆಯುವ ಕೋಣೆಯಲ್ಲಿ ಕಿಣ್ವ ನಿಧಾನ, ಬೆಚ್ಚಗಿದ್ದರೆ ಚುರುಕು. ಹಾಗೆಂದು ಬಿಸಿನೀರು ಬೆರೆಸಿದರೆ ಕೆಟ್ಟೇ ಹೋಗುತ್ತದೆ. ಬೆಳಿಗ್ಗೆ ಹಾಳೆ ಎತ್ತಿದಾಗ ವಾಸನೆ ಮೊದಲಿಗಿಂತ ಜೋರಾಗಿ ಮುಖಕ್ಕೆ ಹೊಡೆಯಬಹುದು. ಹೆದರಬೇಡಿ, ಒಳಗಿನ ಹಳೆಯ ಕೊಳೆ ನೆನೆದು ಮೇಲೆ ಬಂದಿರುತ್ತದೆ. ಬಟ್ಟೆ ತೆಗೆದು, ಒಣಬಟ್ಟೆಯಿಂದ ಒತ್ತಿ ಹೀರಿಸಿ, ಫ್ಯಾನಿನ ಗಾಳಿಗೆ ಬಿಡಿ. ಹೀಟರ್ ಇಡಬೇಡಿ, ಸರಕ್ಕನೆ ಒಣಗಿದ ಹಲಗೆ ಸೊಟ್ಟಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ಮೂಸಿ. ಅಲ್ಲಿಯವರೆಗೆ ಮೂಸಿ ತೀರ್ಪು ಕೊಡಬೇಡಿ. ಉಳಿದಿದ್ದರೆ ಎರಡು ದಿನ ಬಿಟ್ಟು ಮತ್ತೆ ಇದೇ ಕ್ರಮ. ನಮ್ಮ ಅತ್ತೆಯವರ ಕೋಣೆಗೆ ನಾಲ್ಕು ಸಲ ಬೇಕಾಯಿತು.

ಲ್ಯಾಮಿನೇಟ್ ನೆಲಕ್ಕೆ ಈ ರಾತ್ರಿಯ ಹೊದಿಕೆ ಬೇಡವೇ ಬೇಡ. ಅದರ ಹೊಟ್ಟೆಯಲ್ಲಿರುವುದು ಒತ್ತಿ ಮಾಡಿದ ಮರದ ನಾರು, ಸಂದಿನಿಂದ ನೀರಿಳಿದರೆ ಹಪ್ಪಳದಂತೆ ಉಬ್ಬುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಅಡುಗೆ ಸೋಡಾ, ವಿನೆಗರ್ ಎಂದು ಕೇಳುವವರಿಗೆ ಎರಡು ಮಾತು. ಹೊಸ ವಾಸನೆಗೆ ನೀರು ಬೆರೆಸಿದ ವಿನೆಗರ್ ಒಂದು ಮಟ್ಟಿಗೆ ಸರಿ, ಅಮೋನಿಯಾವನ್ನು ತಟಸ್ಥ ಮಾಡುತ್ತದೆ. ಹೆಚ್ಚು ಬಳಸಿದರೆ ಪಾಲಿಶಿನ ಹೊಳಪು ಹೋಗುತ್ತದೆ. ಸೋಡಾವನ್ನು ಒಣ ನೆಲದ ಮೇಲೆ ಉದುರಿಸಿ ಮರುದಿನ ವ್ಯಾಕ್ಯೂಮ್‌ನಿಂದ ಎಳೆದರೆ ತಕ್ಕಮಟ್ಟಿಗೆ ವಾಸನೆ ಹೀರುತ್ತದೆ. ಎರಡನ್ನೂ ಬೆರೆಸಿ ಬುಸ್ಸೆನ್ನುವ ನೊರೆ ನೋಡಿ ಖುಷಿಪಡುವುದು ಏಕೆಂದು ನನಗೆ ಅರ್ಥವಾಗಿಲ್ಲ. ಒಂದನ್ನೊಂದು ತಿಂದುಹಾಕಿ ಉಳಿಯುವುದು ಉಪ್ಪುನೀರಿನಂಥ ನೀರು.

ಕಪ್ಪು ಕಲೆ ಬಿದ್ದಿದ್ದರೆ ಅದು ಕೊಳೆಯಲ್ಲ, ಮರದಲ್ಲಿರುವ ಒಗರಿನ ಅಂಶಕ್ಕೆ ಅಮೋನಿಯಾ ತಗುಲಿ ಮರವೇ ಬಣ್ಣ ತಿರುಗಿರುತ್ತದೆ. ಅದಕ್ಕೆ ಔಷಧದಂಗಡಿಯ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಬಟ್ಟೆಯಲ್ಲಿ ಅದ್ದಿ ಕಲೆಯ ಮೇಲಷ್ಟೇ ಇಡಿ, ಗಂಟೆಗೊಮ್ಮೆ ಎತ್ತಿ ನೋಡಿ. ಅದು ಮರದ ಬಣ್ಣವನ್ನೂ ತೆಗೆಯುತ್ತದೆ, ಕಲೆ ಹೋಗಲಿ ಎಂದು ಇಟ್ಟು ಮರೆತರೆ ಬಿಳಿಯ ಮಚ್ಚೆ ಉಳಿಯುತ್ತದೆ. ಕೈಗವಸು ಹಾಕಿಕೊಳ್ಳಿ. ಕಿಣ್ವ ಹಾಕಿದ ದಿನವೇ ಇದನ್ನು ಹಾಕಬೇಡಿ, ಕಿಣ್ವ ಸತ್ತುಹೋಗುತ್ತದೆ. ವಿನೆಗರ್ ಜೊತೆ ಒಂದೇ ಪಾತ್ರೆಯಲ್ಲಿ ಬೆರೆಸಲೂ ಬೇಡಿ, ಚರ್ಮ ಸುಡುವ ಆಮ್ಲವಾಗುತ್ತದೆ. ಇಷ್ಟಾದರೂ ಜಗ್ಗದಿದ್ದರೆ ಮರಗೆಲಸದವರನ್ನು ಕರೆಸಿ ಮೇಲ್ಪದರ ಉಜ್ಜಿಸಿ, ಅರಗಿನಿಂದ ಮಾಡಿದ ಸೀಲರ್ ಹೊಡೆಸಿ ಅದರ ಮೇಲೆ ಪಾಲಿಶ್ ಮಾಡಿಸಬೇಕು. ಅರಗು ಉಳಿದ ವಾಸನೆಯನ್ನು ಒಳಗೇ ಕಟ್ಟಿಹಾಕುತ್ತದೆ. ಉಜ್ಜಿದ ಮರ ಚೆನ್ನಾಗಿ ಒಣಗದೆ ಸೀಲರ್ ಹೊಡೆಯಲು ಬಿಡಬೇಡಿ. ಒಮ್ಮೆ ನಮ್ಮಲ್ಲಿ ಅವಸರದಲ್ಲಿ ಹೊಡೆದು ಹೋದರು, ತಿಂಗಳೊಳಗೆ ಸಿಪ್ಪೆಯೆದ್ದಿತು.

ಬೆಕ್ಕು ಇದ್ದಕ್ಕಿದ್ದಂತೆ ತಾನು ಮಲಮೂತ್ರ ಮಾಡುವ ಮರಳಿನ ಪೆಟ್ಟಿಗೆ ಬಿಟ್ಟು ನೆಲದ ಮೇಲೆ ಮಾಡತೊಡಗಿದರೆ ನೆಲಕ್ಕಿಂತ ಮೊದಲು ಬೆಕ್ಕನ್ನು ನೋಡಿ. ಮೂತ್ರಕೋಶದ ತೊಂದರೆ ಇರಬಹುದು. ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿ ಹನಿಯೂ ಬರದಿದ್ದರೆ ಅದೇ ಹೊತ್ತಿಗೆ ವೈದ್ಯರ ಬಳಿ ಓಡಬೇಕು, ನಾಳೆ ಎನ್ನುವಂತಿಲ್ಲ. ತಮ್ಮನ ಮಗಳ ಬೆಕ್ಕಿಗೂ ಸೋಂಕಿತ್ತೆಂದು ಆಮೇಲೆ ತಿಳಿಯಿತು. ಅವಳು ಅದಕ್ಕೆ ಗದರಿದ್ದನ್ನು ನೆನೆದು ಬೇಸರಪಟ್ಟಳು.

ಅವಳ ಮನೆಯಲ್ಲಿ ಇದೇ ಕ್ರಮದಲ್ಲಿ, ನಡುವೆ ಬಿಡುವು ಕೊಟ್ಟು, ಹೊದಿಕೆ ಮೂರು ರಾತ್ರಿ ಕುಳಿತಿತ್ತು. ಕೊನೆಯ ಸಲದ್ದು ಪೂರ್ತಿ ಒಣಗಿದ ಮೇಲೆ ಫೋನ್ ಮಾಡಿ, ‘ಅತ್ತೆ, ವಾಸನೆ ಇಲ್ಲ, ಸೀಮೆಸುಣ್ಣದ ಗೆರೆ ಅಳಿಸಲೇ?’ ಎಂದು ಕೇಳಿದಳು. ಬೇಡ ಎಂದೆ. ಮೋಡ ಕವಿದು ಗಾಳಿಯೆಲ್ಲ ತೇವವಾಗಿರುವ ಒಂದು ದಿನ ಬರಲಿ, ಕಿಟಕಿ ಮುಚ್ಚಿಟ್ಟು ಸಂಜೆ ಆ ಗೆರೆಯೊಳಗೆ ಮಂಡಿಯೂರಿ ಮೂಸು, ಏನೂ ಬರದಿದ್ದರೆ ಆಗ ಒರೆಸು.