ಒಂದೇ ಕೊಳವೆಬಾವಿ, ಹಲವು ಕಡತ: ಅಂತರ್ಜಲ ಮಾಹಿತಿ ಒಗ್ಗೂಡಿಸಿದ ನನ್ನ ಅನುಭವ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅಂತರ್ಜಲದ ಮಾಹಿತಿಗೆ ಬರವಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯ ತಿಂಗಳಿಗೊಮ್ಮೆ ಅಳೆಯುತ್ತದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ತಾನು ಕೊರೆಸಿದ ಕೊಳವೆಬಾವಿಗಳ ಆಳ, ಇಳುವರಿ ಮತ್ತು ನೀರಿನ ಗುಣಮಟ್ಟದ ದಾಖಲೆ ಇಟ್ಟುಕೊಳ್ಳುತ್ತದೆ. 2022ರಿಂದ ಜಲದೂತ್ ಆ್ಯಪ್ ಮೂಲಕ ಹಳ್ಳಿಯ ತೆರೆದ ಬಾವಿಗಳ ಮಟ್ಟವೂ ಮುಂಗಾರಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ ದಾಖಲಾಗುತ್ತಿದೆ. ಇವನ್ನೆಲ್ಲ ಒಂದೇ ನಕ್ಷೆಯ ಮೇಲೆ ತರುವ ಕೆಲಸ ನನ್ನ ಪಾಲಿಗೆ ಬಂದಾಗ, ಇಲಾಖೆಗಳು ಮಾಹಿತಿ ಬಿಟ್ಟುಕೊಡುವುದಿಲ್ಲ ಎಂದೇ ಎಲ್ಲರೂ ಎಚ್ಚರಿಸಿದರು. ತಡವಾಗುತ್ತಿದ್ದುದು ನಿಜ. ಆದರೆ ಕಡತಗಳು ಕೈಗೆ ಬಂದ ಮೇಲೆ ಎದುರಾದ ತೊಡಕು ಅದಕ್ಕಿಂತ ದೊಡ್ಡದು: ಈ ಕಡತದ ಬಾವಿಯೂ ಆ ಕಡತದ ಬಾವಿಯೂ ಒಂದೇ ಹೌದೋ ಅಲ್ಲವೋ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ದಾಖಲೆಗಳಲ್ಲೆಲ್ಲ ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರು ಕೋಲಾರ ಜಿಲ್ಲೆಯಲ್ಲೇ ಇವೆ. ಚೇಳೂರು ಮತ್ತು ಮಂಚೇನಹಳ್ಳಿ ತಾಲ್ಲೂಕುಗಳು ಆಮೇಲೆ ಆದವು. ಹೊಸಹಳ್ಳಿಯಂಥ ಹೆಸರಿನ ಊರುಗಳು ಎಷ್ಟೋ ಇವೆ, ಗಡಿಯ ಕಡೆ ಒಂದೇ ಊರು ಒಬ್ಬರ ಪಟ್ಟಿಯಲ್ಲಿ ‘ಹಳ್ಳಿ’, ಇನ್ನೊಬ್ಬರ ಪಟ್ಟಿಯಲ್ಲಿ ‘ಪಲ್ಲಿ’. ಸಾಲದ್ದಕ್ಕೆ, ಹಳೆಯ ಕಡತಗಳು ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಶೈಲಿಯಲ್ಲಿದ್ದವು. ಅವನ್ನು ಪರಿವರ್ತಿಸದೆ ಹುಡುಕಲು ಹೋದರೆ ಒಂದು ಹೆಸರೂ ಸಿಗದು. ಆದ್ದರಿಂದ ಹೆಸರಿನಿಂದ ಹೊಂದಿಸುವ ಪ್ರಯತ್ನವನ್ನೇ ಕೈಬಿಟ್ಟು, ಕೇಂದ್ರ ಸರ್ಕಾರದ ಸ್ಥಳೀಯ ಸರ್ಕಾರಗಳ ಕೋಶದಲ್ಲಿ ಪ್ರತಿ ಗ್ರಾಮಕ್ಕೆ ಕೊಟ್ಟಿರುವ ಸಂಕೇತ ಸಂಖ್ಯೆಯನ್ನು ಎಲ್ಲ ಸಾಲುಗಳಿಗೂ ಸೇರಿಸಿದೆ. ಇಲಾಖೆಯ ಸ್ವಂತ ಬಾವಿ ಸಂಖ್ಯೆಯನ್ನು ಮಾತ್ರ ಎಲ್ಲಿಯೂ ಅಳಿಸಲಿಲ್ಲ. ಅದನ್ನು ಅಳಿಸಿದರೆ ಆ ಇಲಾಖೆಯವರಿಗೆ ತಮ್ಮ ಬಾವಿಯೇ ಗುರುತು ಸಿಗುವುದಿಲ್ಲ, ಮುಂದಿನ ಸಲ ಅವರು ಕಡತ ಕೊಡುವುದೂ ಇಲ್ಲ.

ಅಕ್ಷಾಂಶ, ರೇಖಾಂಶಗಳ ಕಥೆ ಬೇರೆ. ಒಂದು ಕಡತದಲ್ಲಿ ಚಿಕ್ಕಬಳ್ಳಾಪುರ ಪಟ್ಟಣದ ಆಸುಪಾಸಿನ ಬಾವಿಗಳೆಲ್ಲ ದೊಡ್ಡಬಳ್ಳಾಪುರದಿಂದಲೂ ಪಶ್ಚಿಮಕ್ಕೆ ಹೋಗಿ ಕುಳಿತಿದ್ದವು. 13 ಡಿಗ್ರಿ 26 ನಿಮಿಷವನ್ನು 13.26 ಎಂದೂ, 77 ಡಿಗ್ರಿ 43 ನಿಮಿಷವನ್ನು 77.43 ಎಂದೂ ಬರೆದಿದ್ದರು. ಕಂಪ್ಯೂಟರು ಅದನ್ನು ದಶಮಾಂಶವೆಂದೇ ಓದುತ್ತದೆ. ಬಾವಿ ದಕ್ಷಿಣಕ್ಕೆ ಸುಮಾರು 19 ಕಿಲೋಮೀಟರ್, ಪಶ್ಚಿಮಕ್ಕೆ ಸುಮಾರು 31 ಕಿಲೋಮೀಟರ್ ಸರಿಯುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ: ಇಡೀ ಕಡತದಲ್ಲಿ ಚುಕ್ಕೆಯ ನಂತರದ ಎರಡು ಅಂಕಿ ಒಮ್ಮೆಯೂ 59 ದಾಟದಿದ್ದರೆ ಅವು ನಿಮಿಷಗಳೇ.

ಇದಕ್ಕಿಂತ ಅಪಾಯಕಾರಿಯಾದದ್ದು ಸೊನ್ನೆ. ನೀರಿನ ಮಟ್ಟವನ್ನು ನೆಲದಿಂದ ಕೆಳಗೆ ಇಷ್ಟು ಮೀಟರ್ ಎಂದು ಬರೆಯುತ್ತಾರೆ, ಹಾಗಾಗಿ ಸೊನ್ನೆ ಎಂದರೆ ನೀರು ನೆಲಮಟ್ಟಕ್ಕೆ ಬಂದಿದೆ ಎಂದರ್ಥ. ಒಂದು ಕಡತದಲ್ಲಿ ಬತ್ತಿದ ಬಾವಿಗೂ, ಬೀಗ ಹಾಕಿದ್ದರಿಂದ ಅಳೆಯಲಾಗದ ಬಾವಿಗೂ ಸೊನ್ನೆಯನ್ನೇ ತುಂಬಿದ್ದರು. ಬರಗಾಲದ ವರ್ಷದಲ್ಲಿ ಬಾವಿಗಳು ಬತ್ತಿದಷ್ಟೂ ತಾಲ್ಲೂಕಿನ ಸರಾಸರಿ ಮಟ್ಟ ಮೇಲೇರುತ್ತಿತ್ತು! ಅಂದಿನಿಂದ ಅಂಕಿಯ ಪಕ್ಕದಲ್ಲಿ ಸ್ಥಿತಿಗೆಂದೇ ಒಂದು ಕಾಲಂ ಇಟ್ಟೆವು: ಅಳೆದದ್ದು, ಬತ್ತಿದ್ದು, ಅಳೆಯಲಾಗದ್ದು, ಪಂಪು ಓಡುತ್ತಿದ್ದಾಗ ಅಳೆದದ್ದು. ಕೊನೆಯದನ್ನು ಸೇರಿಸಲು ಕ್ಷೇತ್ರ ಸಿಬ್ಬಂದಿ ಒಪ್ಪಿದ್ದು ನಿಧಾನವಾಗಿ, ಏಕೆಂದರೆ ಪಂಪು ನಿಲ್ಲಿಸಿ, ಮಟ್ಟ ಚೇತರಿಸಿಕೊಳ್ಳುವವರೆಗೆ ಕಾದು ಅಳೆಯಬೇಕೆಂಬ ನಿಯಮ ವಿದ್ಯುತ್ ಇರುವ ಕೆಲವೇ ಗಂಟೆಗಳಲ್ಲಿ ರೈತರ ತೋಟದಲ್ಲಿ ನಡೆಯುವಂಥದ್ದಲ್ಲ; ಹಾಗೆಂದು ಬರೆದರೆ ನಿಯಮ ಪಾಲಿಸಿಲ್ಲವೆಂದು ತಾವೇ ಒಪ್ಪಿಕೊಂಡಂತೆ.

ಫ್ಲೋರೈಡ್ ವಿಷಯದಲ್ಲಿ ಎರಡು ಕಡತಗಳು ಒಂದೇ ಬಾವಿಯ ಬಗ್ಗೆ ವಿರುದ್ಧ ತೀರ್ಪು ಕೊಟ್ಟಿದ್ದವು. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಸ್ವೀಕಾರಾರ್ಹ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ ಅವಕಾಶವಿದೆ. ಒಬ್ಬರು ಮೊದಲನೆಯದನ್ನು, ಇನ್ನೊಬ್ಬರು ಎರಡನೆಯದನ್ನು ಹಿಡಿದಿದ್ದರು. ಅಳತೆ ಮಾತ್ರ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ. ನೈಟ್ರೇಟ್‌ನಲ್ಲಿಯೂ ಹೀಗೆಯೇ: ನೈಟ್ರೇಟ್ ಎಂದು ಬರೆದರೆ ಮಿತಿ 45, ಅದರೊಳಗಿನ ನೈಟ್ರೋಜನ್ ಎಂದು ಬರೆದರೆ ಅದೇ ನೀರಿಗೆ ಸುಮಾರು 10. ಹಾಗಾಗಿ ‘ಯೋಗ್ಯ’, ‘ಅಯೋಗ್ಯ’ ಎಂಬ ಕಾಲಂಗಳನ್ನು ಹಂಚಿಕೆಯ ಕಡತದಿಂದ ತೆಗೆದುಹಾಕಿ, ಅಳತೆ, ಏಕಮಾನ, ಮಾದರಿ ತೆಗೆದ ದಿನಾಂಕ, ಪರೀಕ್ಷೆ ಮಾಡಿದ ಪ್ರಯೋಗಾಲಯ ಇಷ್ಟನ್ನೇ ಉಳಿಸಿದೆವು. ಬಾವಿ ಮಾಲೀಕರ ಹೆಸರು ಮತ್ತು ಫೋನ್ ನಂಬರುಗಳೂ ಹೋದವು.

ಇಲಾಖೆಗಳನ್ನು ಒಪ್ಪಿಸಿದ ಬಗೆ ಕೇಳುವವರಿದ್ದಾರೆ. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯನ್ನು ಪತ್ರದಲ್ಲಿ ಉಲ್ಲೇಖಿಸುವುದರಿಂದ ಹೆಚ್ಚು ಫಲ ಸಿಗಲಿಲ್ಲ; ಅಟಲ್ ಭೂಜಲ ಯೋಜನೆಯಲ್ಲಿ ಅಂತರ್ಜಲದ ಮಾಹಿತಿ ಸಾರ್ವಜನಿಕಗೊಳಿಸುವುದಕ್ಕೂ ಅನುದಾನಕ್ಕೂ ನಂಟಿದ್ದುದರಿಂದ ಸ್ವಲ್ಪ ಚುರುಕು ಬಂತು. ನಿಜವಾಗಿ ಕೆಲಸ ಮಾಡಿದ್ದು, ಮೊದಲು ಬರೀ ಬಾವಿಗಳ ಪಟ್ಟಿ ಕೇಳಿ, ಅದನ್ನು ಗ್ರಾಮ ಸಂಕೇತ ಮತ್ತು ಸರಿಯೆಂದು ನಮಗೆ ಕಂಡ ಸ್ಥಾನದ ಸೂಚನೆಯೊಂದಿಗೆ ಅವರಿಗೇ ಹಿಂದಿರುಗಿಸಿದ್ದು. ತಪ್ಪು ಕಂಡರೂ ನಾವು ತಿದ್ದುತ್ತಿರಲಿಲ್ಲ, ಗುರುತು ಹಾಕಿ ಕಳುಹಿಸುತ್ತಿದ್ದೆವು. ತಿದ್ದುವ ಹಕ್ಕು ದಾಖಲೆಯ ಒಡೆತನವಿದ್ದ ಇಲಾಖೆಯದ್ದೇ ಆಗಿತ್ತು.

ಈಗ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿತ ಕೊಳಚೆ ನೀರು ತುಂಬಿದ ಕೆರೆಗಳ ಸುತ್ತ ಅಂತರ್ಜಲ ಏರಿತೇ, ಗುಣಮಟ್ಟ ಬದಲಾಯಿತೇ ಎಂದು ಯಾರಾದರೂ ಕೇಳಿದರೆ, ನೀರು ಬರುವ ಮುಂಚಿನ ಮತ್ತು ನಂತರದ ಅಳತೆಗಳನ್ನು ಬಾವಿವಾರು, ಕೆರೆಯಿಂದ ಇರುವ ದೂರದ ಸಮೇತ ತೆಗೆದುಕೊಡಬಹುದು. ಆ ಏರಿಕೆಯಲ್ಲಿ ಮಳೆಯ ಪಾಲೆಷ್ಟು, ಕೆರೆಯ ಪಾಲೆಷ್ಟು ಎಂಬುದನ್ನು ಭೂಜಲ ತಜ್ಞರು ಹೇಳಬೇಕು. ಅದಕ್ಕೆ ಬೇಕಾದ ಪಂಚಾಯಿತಿವಾರು ಮಳೆಯ ದಾಖಲೆ ಇನ್ನೊಂದು ಸಂಸ್ಥೆಯಲ್ಲಿದೆ, ಅದಕ್ಕೆ ಗ್ರಾಮ ಸಂಕೇತ ಹೊಂದಿಸುವ ಕೆಲಸ ನಡೆಯುತ್ತಿದೆ.